ಪೋರ್ಚುಗೀಸ್ ಮಾತಾಡುವವರ ಕೈಗೆ ಯಾವ ಲಸಿಕೆ ಹಾಳೆ?

ಅಮೆರಿಕದ ಕ್ಲಿನಿಕ್, ಫಾರ್ಮಸಿಗಳಲ್ಲಿ ದುಡಿಯುತ್ತಿರುವ ಓದುಗರ ಪತ್ರಗಳಲ್ಲಿ ಈ ಸಲ ಪೋರ್ಚುಗೀಸ್ ಭಾಷಿಕ ರೋಗಿಗಳ ಪ್ರಸ್ತಾಪ ಮತ್ತೆ ಮತ್ತೆ ಬಂದಿದೆ. ಬ್ರೆಜಿಲ್, ಪೋರ್ಚುಗಲ್‌ಗೆ ಸೇರಿದ ಅಸೋರ್ಸ್ ದ್ವೀಪಗಳು, ಪಶ್ಚಿಮ ಆಫ್ರಿಕಾದ ದ್ವೀಪರಾಷ್ಟ್ರ ಕೇಪ್ ವರ್ಡಿ, ಈ ಮೂರೂ ಕಡೆಯಿಂದ ಬಂದವರು ಮಸಾಚುಸೆಟ್ಸ್, ರೋಡ್ ಐಲೆಂಡ್, ನ್ಯೂಜೆರ್ಸಿಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ್ದಾರೆ. ಆದ್ದರಿಂದ ಈ ಸಂಚಿಕೆಯ ಅಂಕಣ ಪೂರ್ತಿ ಆ ಪ್ರಶ್ನೆಗಳಿಗೇ.

ಪ್ರಶ್ನೆ: ನಮ್ಮ ಮಕ್ಕಳ ಕ್ಲಿನಿಕ್‌ನಲ್ಲಿ ಎಲ್ಲರಿಗೂ ಇಂಗ್ಲಿಷ್ ಮಾಹಿತಿ ಹಾಳೆಯನ್ನೇ ಕೊಡುತ್ತೇವೆ. ಬ್ರೆಜಿಲ್‌ನ ತಾಯಂದಿರು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ, ಓದುವುದಿಲ್ಲ. ಪೋರ್ಚುಗೀಸ್ ಹಾಳೆ ಕೊಟ್ಟರೆ ಕಾನೂನಿನ ದೃಷ್ಟಿಯಿಂದ ಸಾಕೇ? ಎಲ್ಲಿ ಸಿಗುತ್ತದೆ? (ಮಕ್ಕಳ ಕ್ಲಿನಿಕ್ ನರ್ಸ್, ಮಸಾಚುಸೆಟ್ಸ್)

ಉತ್ತರ: ನೀವು ಹೇಳುತ್ತಿರುವುದು ‘ವ್ಯಾಕ್ಸಿನ್ ಇನ್ಫರ್ಮೇಷನ್ ಸ್ಟೇಟ್‌ಮೆಂಟ್’ ಬಗ್ಗೆ, ಎಲ್ಲರ ಬಾಯಲ್ಲೂ ವಿಐಎಸ್. 1986ರ ನ್ಯಾಷನಲ್ ಚೈಲ್ಡ್‌ಹುಡ್ ವ್ಯಾಕ್ಸಿನ್ ಇಂಜುರಿ ಆಕ್ಟ್ ಪ್ರಕಾರ ಪಟ್ಟಿಯಲ್ಲಿರುವ ಲಸಿಕೆಗಳಿಗೆ ಈ ಹಾಳೆಯನ್ನು ಚುಚ್ಚುವ ಮೊದಲೇ ಕೊಡಬೇಕು. ಮೊದಲ ಡೋಸಿಗೆ ಕೊಟ್ಟರೆ ಮುಗಿಯಲಿಲ್ಲ. ಪ್ರತಿ ಡೋಸಿಗೂ ಕೊಡಬೇಕು. ಕಾಯ್ದೆಯ ಹೆಸರಿನಲ್ಲಿ ಮಕ್ಕಳಿದ್ದರೂ ವಯಸ್ಕರಿಗೂ ಇದೇ ನಿಯಮ. ಸಹಿ ಹಾಕಿಸಿಕೊಳ್ಳಬೇಕೆಂದು ಫೆಡರಲ್ ಕಾನೂನು ಕೇಳುವುದಿಲ್ಲ.

ಹಾಳೆಯನ್ನು ಬರೆಯುವುದು ಸಿಡಿಸಿ, ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ. ಅನುವಾದಗಳು ಸಿಗುವುದು ‘ಇಮ್ಯುನೈಜ್ ಡಾಟ್ ಆರ್ಗ್’ ಸಂಸ್ಥೆಯಲ್ಲಿ, ಹಣ ಕೊಡಬೇಕಿಲ್ಲ. ಲಸಿಕೆಯ ಹೆಸರು ಆರಿಸಿ, ಭಾಷೆ ಆರಿಸಿ, ಪಿಡಿಎಫ್ ಇಳಿಸಿಕೊಂಡರಾಯಿತು. ಎಲ್ಲ ಲಸಿಕೆಗೂ ಪ್ರತಿ ಭಾಷೆಯಲ್ಲಿ ಹಾಳೆ ಇರುವುದಿಲ್ಲ. ನಿಮ್ಮ ಕ್ಲಿನಿಕ್‌ನಲ್ಲಿ ಕೊಡುವ ಲಸಿಕೆಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಯಾವುದಕ್ಕೆ ಪೋರ್ಚುಗೀಸ್ ಹಾಳೆ ಉಂಟು, ಯಾವುದಕ್ಕಿಲ್ಲ ಎಂದು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವಾಗ ಹುಡುಕಲು ಹೊರಟರೆ ಕೊನೆಗೆ ಇಂಗ್ಲಿಷ್ ಹಾಳೆಯೇ ಗತಿ.

ಪೋರ್ಚುಗೀಸ್‌ನಲ್ಲೇ ಕೊಡಬೇಕೆಂದು 1986ರ ಕಾಯ್ದೆ ಹೇಳುವುದಿಲ್ಲ, ನಿಜ. ಆದರೆ ಫೆಡರಲ್ ಹಣ ಪಡೆಯುವ ಕ್ಲಿನಿಕ್‌ಗೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯ, ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೇ ಸೆಕ್ಷನ್ ಎರಡೂ ಅನ್ವಯಿಸುತ್ತವೆ. ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಭಾಷಾ ನೆರವು ಕೊಡಬೇಕು, ಅದಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ.

ಇನ್ನೊಂದು ಮಾತು. ಹಾಳೆಯ ಮೇಲೆ ನಿಮ್ಮ ಕ್ಲಿನಿಕ್‌ನ ಹೆಸರು, ವಿಳಾಸ, ಫೋನ್ ನಂಬರ್ ಸೇರಿಸಬಹುದು. ಒಳಗಿನ ವಾಕ್ಯಗಳನ್ನು ತಿದ್ದಬಾರದು, ‘ಸುಲಭ ಮಾಡಲು’ ಕೂಡ. ಬೇರೆ ವಿವರಣೆ ಬೇಕಾದರೆ ಪ್ರತ್ಯೇಕ ಹಾಳೆ ಮಾಡಿ ಜೊತೆಗೆ ಕೊಡಿ.

ಪ್ರಶ್ನೆ: ಪೋರ್ಚುಗೀಸ್ ಹಾಳೆಯ ಕೆಳಗಿರುವ ದಿನಾಂಕ ಹಳೆಯದು, ಇಂಗ್ಲಿಷ್‌ನದು ಹೊಸದು. ಕೊಡಬಹುದೇ? ದಾಖಲೆಯಲ್ಲಿ ಯಾವುದನ್ನು ಬರೆಯಲಿ? (ಮೆಡಿಕಲ್ ಅಸಿಸ್ಟೆಂಟ್, ನ್ಯೂಜೆರ್ಸಿ)

ಉತ್ತರ: ಎರಡನ್ನೂ ಕೊಡಿ. ಅನುವಾದ ಯಾವಾಗಲೂ ಮೂಲದ ಹಿಂದೆ ಬರುತ್ತದೆ, ಆದ್ದರಿಂದ ಈ ಅಂತರ ಆಗಾಗ ಎದುರಾಗುತ್ತದೆ. ಚಾಲ್ತಿಯಲ್ಲಿರುವ ಇಂಗ್ಲಿಷ್ ಹಾಳೆ ಮತ್ತು ಸಿಗುವ ಪೋರ್ಚುಗೀಸ್ ಹಾಳೆಯನ್ನು ಪಕ್ಕಪಕ್ಕ ಇಟ್ಟು ಒಮ್ಮೆ ಓದಿಸಿ. ಯಾರು ಹಾಕಿಸಿಕೊಳ್ಳಬೇಕು, ಯಾರು ಹಾಕಿಸಿಕೊಳ್ಳಬಾರದು, ಎಷ್ಟು ಡೋಸು: ಈ ಮೂರರಲ್ಲಿ ವ್ಯತ್ಯಾಸವಿದ್ದರೆ ಅದನ್ನು ದುಭಾಷಿಯ ಮೂಲಕ ಬಾಯಿಮಾತಿನಲ್ಲಿ ಹೇಳಬೇಕು. ಉಳಿದದ್ದು ಸಾಮಾನ್ಯವಾಗಿ ಪದಗಳ ಬದಲಾವಣೆ ಅಷ್ಟೆ.

ದಾಖಲೆಗೆ ಕಾನೂನು ಕೇಳುವುದು ಇಷ್ಟು: ಹಾಳೆಯ ಆವೃತ್ತಿ ದಿನಾಂಕ, ಹಾಳೆ ಕೊಟ್ಟ ದಿನ, ಲಸಿಕೆ ಹಾಕಿದ ದಿನ, ತಯಾರಿಸಿದ ಕಂಪನಿ ಮತ್ತು ಲಾಟ್ ನಂಬರ್, ಹಾಕಿದವರ ಹೆಸರು, ಹುದ್ದೆ, ಕ್ಲಿನಿಕ್ ವಿಳಾಸ. ಎರಡು ಹಾಳೆ ಕೊಟ್ಟಿದ್ದರೆ ಎರಡರ ಆವೃತ್ತಿ ದಿನಾಂಕವನ್ನೂ ಬರೆದು ‘ಪೋರ್ಚುಗೀಸ್ ಸಹ’ ಎಂದು ಸೇರಿಸಿ. ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಇಂಗ್ಲಿಷ್ ಹಾಳೆಯ ಬಾರ್‌ಕೋಡ್ ಸ್ಕ್ಯಾನ್ ಮಾಡಿ ಪೋರ್ಚುಗೀಸ್ ಹಾಳೆಯನ್ನಷ್ಟೇ ಕೈಗಿಟ್ಟರೆ, ಕಂಪ್ಯೂಟರಿನಲ್ಲಿ ಕೂತ ದಿನಾಂಕ ರೋಗಿಯ ಕೈಯಲ್ಲಿರುವ ಹಾಳೆಯದ್ದಲ್ಲ. ಎರಡನೆಯದು ದಿನಾಂಕ ಬರೆಯುವ ಕ್ರಮ. ದಡಾರ, ಮಂಗನಬಾವಿ, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯ 2021ರ ಹಾಳೆಯ ಮೇಲೆ 8/6/2021 ಎಂದಿತ್ತು. ಅಮೆರಿಕದಲ್ಲಿ ಅದು ಆಗಸ್ಟ್ 6. ಬ್ರೆಜಿಲ್‌ನವರೂ ಪೋರ್ಚುಗಲ್‌ನವರೂ ನಮ್ಮ ಹಾಗೆ ದಿನವನ್ನು ಮೊದಲು ಬರೆಯುವವರು. ಅವರ ಕಣ್ಣಿಗೆ ಅದು ಜೂನ್ 8. ರೋಗಿಗೆ ಬರೆದು ಕೊಡುವ ಮುಂದಿನ ಡೋಸಿನ ದಿನಾಂಕದಲ್ಲಿ ಇದು ನಿಜವಾಗಿ ತೊಂದರೆ ಕೊಡುತ್ತದೆ. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ.

ಪ್ರಶ್ನೆ: ಬ್ರೆಜಿಲ್ ಪೋರ್ಚುಗೀಸ್, ಪೋರ್ಚುಗಲ್ ಪೋರ್ಚುಗೀಸ್ ಬೇರೆ ಬೇರೆ ಎನ್ನುತ್ತಾರೆ. ಲಸಿಕೆ ಹಾಳೆಯ ಮಟ್ಟಿಗೆ ಅದು ಅಷ್ಟು ಮುಖ್ಯವೇ? (ಸಮುದಾಯ ಆರೋಗ್ಯ ಕಾರ್ಯಕರ್ತೆ, ರೋಡ್ ಐಲೆಂಡ್)

ಉತ್ತರ: ವ್ಯಾಕರಣದಲ್ಲಿ ಅಷ್ಟಿಲ್ಲ, ಧಾರವಾಡದವರು ಬರೆದದ್ದನ್ನು ಮಂಗಳೂರಿನವರು ಓದಿದಷ್ಟೇ. ಆದರೆ ರೋಗಗಳ ಹೆಸರಿನಲ್ಲಿ ಬಹಳ ಮುಖ್ಯ. ರೋಗದ ಹೆಸರು ಮನೆಮಾತಿನದು, ಅದು ಊರಿಗೊಂದು.

ಮಂಗನಬಾವಿಗೆ ಬ್ರೆಜಿಲ್‌ನಲ್ಲಿ ಸಾಮಾನ್ಯವಾಗಿ ‘ಕಶುಂಬಾ’, ಪೋರ್ಚುಗಲ್‌ನಲ್ಲಿ ‘ಪಪೈರಾ’. ನಾಯಿಕೆಮ್ಮಿಗೆ ಬ್ರೆಜಿಲ್‌ನಲ್ಲಿ ‘ಕೊಕೆಲೂಶಿ’, ಪೋರ್ಚುಗಲ್‌ನಲ್ಲಿ ‘ತೊಸ್ ಕೊನ್ವುಲ್ಸಾ’. ಚಿಕನ್‌ಪಾಕ್ಸ್‌ಗೆ ಬ್ರೆಜಿಲ್‌ನ ಅಜ್ಜಿ ‘ಕತಪೋರಾ’ ಎನ್ನುತ್ತಾರೆ, ಪೋರ್ಚುಗಲ್‌ನವರು ‘ವರಿಸೆಲಾ’. ಏಡ್ಸ್‌ಗೆ ಬ್ರೆಜಿಲ್‌ನಲ್ಲಿ ಏಡ್ಸ್ ಎಂದೇ ಹೆಸರು, ಪೋರ್ಚುಗಲ್‌ನಲ್ಲಿ ‘ಸಿಡಾ’. ಎಂಎಂಆರ್ ಎಂಬ ಮೂರಕ್ಷರ ಇಬ್ಬರಿಗೂ ಹೊಸತು. ಬ್ರೆಜಿಲ್‌ನವರಿಗೆ ‘ತ್ರಿಪ್ಲಿಸಿ ವಿರಾಲ್’ ಎಂದರೆ ತಟ್ಟನೆ ಅರ್ಥವಾಗುತ್ತದೆ, ಪೋರ್ಚುಗಲ್‌ನ ಕಾರ್ಡಿನಲ್ಲಿ ಅದು ವಿಎಎಸ್‌ಪಿಆರ್.

ಸರ್ಪಸುತ್ತಿನ ಲಸಿಕೆಗೆ ಬಂದ ಹಿರಿಯರಿಗೆ ‘ಹರ್ಪಿಸ್ ಜೋಸ್ಟರ್’ ಎಂದು ಓದಿ ಹೇಳಿದರೆ ಏನೂ ಹೊಳೆಯಲಿಕ್ಕಿಲ್ಲ. ಪೋರ್ಚುಗಲ್‌ನವರಿಗೆ ಅದು ‘ಝೋನಾ’, ಬ್ರೆಜಿಲ್‌ನವರಿಗೆ ‘ಕೊಬ್ರೇಯ್ರು’. ಈ ಎರಡನೆಯ ಪದದ ಬೇರು ‘ಕೋಬ್ರಾ’, ಅಂದರೆ ಹಾವು. ಕನ್ನಡದ ಹಳ್ಳಿಯೂ ಬ್ರೆಜಿಲ್‌ನ ಹಳ್ಳಿಯೂ ಆ ಗುಳ್ಳೆಗಳ ಸಾಲಿನಲ್ಲಿ ಹಾವನ್ನೇ ಕಂಡಿವೆ.

ಹಾಳೆ ಯಾವ ಕಡೆಯದೆಂದು ತಿಳಿಯಲು ಎಂಎಂಆರ್ ಹಾಳೆಯ ಮೊದಲ ಸಾಲುಗಳಲ್ಲಿ ಮಂಗನಬಾವಿಗೆ ಯಾವ ಪದವಿದೆ ನೋಡಿ. ರೋಗಿ ಇನ್ನೊಂದು ಕಡೆಯವರಾದರೆ ಅವರ ಪದವನ್ನು ಪೆನ್ಸಿಲಿನಲ್ಲಿ ಬರೆಯಬೇಡಿ; ಮೊದಲೇ ಹೇಳಿದಂತೆ ಹಾಳೆಯನ್ನು ಮುಟ್ಟಬಾರದು. ಎರಡು ಕಾಲಮ್ಮಿನ ಚಿಕ್ಕ ಪದಪಟ್ಟಿ ಮಾಡಿ ಜೊತೆಗೆ ಕೊಡಿ.

ಮಾತಿನಲ್ಲಿ ಇನ್ನೂ ಎಚ್ಚರ ಬೇಕು. ಲಸಿಕೆಗೆ ಮುಂಚೆ ‘ಮಗುವಿಗೆ ಇವತ್ತು ಹುಷಾರಿಲ್ಲವೇ?’ ಎಂದು ಕೇಳುತ್ತೀರಿ. ಪೋರ್ಚುಗಲ್‌ನ ತಾಯಿ ‘ಕೊನ್ಸ್ತಿಪಾದು’ ಎಂದರೆ ನೆಗಡಿ. ಬ್ರೆಜಿಲ್‌ನಲ್ಲಿ ಅದೇ ಪದಕ್ಕೆ ಹೆಚ್ಚಾಗಿ ಮಲಬದ್ಧತೆ ಎಂದರ್ಥ, ಇಂಗ್ಲಿಷ್ ಕಿವಿಗೂ ಹಾಗೆಯೇ ಕೇಳಿಸುತ್ತದೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಮಾತಿನಲ್ಲಿ ಹುಡುಗಿಗೆ ಪೋರ್ಚುಗಲ್‌ನವರು ಸಹಜವಾಗಿ ಬಳಸುವ ‘ರಪರೀಗಾ’ ಬ್ರೆಜಿಲ್‌ನ ಹಲವು ಕಡೆ ಬೈಗುಳ. ‘ಮೆನೀನಾ’ ಎಂದರೆ ಎರಡೂ ಕಡೆ ನಡೆಯುತ್ತದೆ. ಚುಚ್ಚುಮದ್ದಿಗೆ ಪೋರ್ಚುಗಲ್‌ನ ಮಕ್ಕಳು ಹೇಳುವ ‘ಪೀಕಾ’ ಬ್ರೆಜಿಲ್‌ನಲ್ಲಿ ಅಶ್ಲೀಲ ಪದ. ‘ವಸೀನಾ’ ಎನ್ನಿ, ಸಾಕು. ದುಭಾಷಿಯನ್ನು ಕರೆಸುವಾಗ ‘ಪೋರ್ಚುಗೀಸ್’ ಎಂದಷ್ಟೇ ಹೇಳದೆ ‘ಬ್ರೆಜಿಲ್‌ನ’ ಅಥವಾ ‘ಪೋರ್ಚುಗಲ್‌ನ’ ಎಂದು ಸೇರಿಸಿದರೆ ಈ ಮುಜುಗರಗಳಲ್ಲಿ ಹೆಚ್ಚಿನವು ತಪ್ಪುತ್ತವೆ.

ಪ್ರಶ್ನೆ: ಬ್ರಾಕ್ಟನ್ ಕಡೆಯ ಕೇಪ್ ವರ್ಡಿ ಕುಟುಂಬಗಳಿಗೂ ಪೋರ್ಚುಗೀಸ್ ಹಾಳೆಯನ್ನೇ ಕೊಡುತ್ತಿದ್ದೇವೆ. ಸರಿ ತಾನೆ? (ಅಲ್ಲಿಯ ಓದುಗರು, ಮಸಾಚುಸೆಟ್ಸ್)

ಉತ್ತರ: ಕೇಳದೆ ಕೊಡಬೇಡಿ. ಕೇಪ್ ವರ್ಡಿಯ ಅಧಿಕೃತ ಭಾಷೆ, ಶಾಲೆಯ ಭಾಷೆ ಪೋರ್ಚುಗೀಸ್. ಮನೆಯ ಭಾಷೆ ಕ್ರಿಯೋಲು, ಪೋರ್ಚುಗೀಸ್ ಮೂಲದ ಬೆರಕೆ ನುಡಿ. ಶಾಲೆಯಲ್ಲಿ ಓದಿದವರು ಪೋರ್ಚುಗೀಸ್ ಹಾಳೆ ಓದಬಲ್ಲರು. ಓದು ಬಿಟ್ಟವರಿಗೆ, ಅಮೆರಿಕದಲ್ಲೇ ಬೆಳೆದವರಿಗೆ ಅದು ಅನ್ಯಭಾಷೆ. ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಿ: ಯಾವ ಭಾಷೆಯಲ್ಲಿ ಮಾತಾಡಲು ಇಷ್ಟ? ಯಾವ ಭಾಷೆಯಲ್ಲಿ ಓದಲು ಇಷ್ಟ? ಎರಡಕ್ಕೂ ಉತ್ತರ ಒಂದೇ ಇರಬೇಕಿಲ್ಲ. ‘ಓದಲು ಇಂಗ್ಲಿಷ್, ಮಾತಿಗೆ ಕ್ರಿಯೋಲು’ ಎನ್ನುವವರು ಬೇಕಾದಷ್ಟಿದ್ದಾರೆ. ಎರಡನ್ನೂ ರೋಗಿಯ ಫೈಲಿನಲ್ಲಿ ಬರೆದಿಟ್ಟರೆ ಮುಂದಿನ ಸಲ ಕೇಳಬೇಕಿಲ್ಲ. ಸ್ಪ್ಯಾನಿಷ್ ಹಾಳೆ ‘ಹತ್ತಿರದ ಭಾಷೆ ತಾನೆ’ ಎಂದು ಕೊಡುವುದನ್ನಂತೂ ಪೂರ್ತಿ ನಿಲ್ಲಿಸಿ.

ಪ್ರಶ್ನೆ: ಫೋನಿನ ಅನುವಾದ ಆ್ಯಪ್ ಬಳಸಿ ನಾವೇ ಹಾಳೆ ಮಾಡಿಕೊಳ್ಳಬಹುದೇ? ಇಲ್ಲಿ ಬರುವ ತಾಯಿಯೊಬ್ಬರ ಹಿರಿಯ ಮಗಳಿಗೆ 14 ವರ್ಷ, ಚೆನ್ನಾಗಿ ಇಂಗ್ಲಿಷ್ ಬರುತ್ತದೆ, ಅವಳೇ ಅಮ್ಮನಿಗೆ ಹೇಳುತ್ತಾಳೆ, ಅದು ಸಾಕೇ? (ಕ್ಲಿನಿಕ್ ಮ್ಯಾನೇಜರ್, ಕನೆಕ್ಟಿಕಟ್)

ಉತ್ತರ: ಎರಡೂ ಬೇಡ. 1557ನೇ ಸೆಕ್ಷನ್‌ನ 2024ರ ನಿಯಮದ ಪ್ರಕಾರ ತಾಂತ್ರಿಕವಾದ, ರೋಗಿಯ ಹಕ್ಕಿಗೆ ಸಂಬಂಧಿಸಿದ ಬರಹವನ್ನು ಯಂತ್ರದಿಂದ ಅನುವಾದಿಸಿದರೆ ಅರ್ಹ ಅನುವಾದಕರೊಬ್ಬರು ಅದನ್ನು ಪರಿಶೀಲಿಸಲೇಬೇಕು. ಲಸಿಕೆಯ ಅಪಾಯಗಳನ್ನು ಹೇಳುವ ಹಾಳೆ ಖಂಡಿತ ಆ ಬಗೆಯದು. ಮಗಳಿಂದ ಹೇಳಿಸುವುದಕ್ಕೆ ಅವಕಾಶ ಇರುವುದು ತುರ್ತು ಸ್ಥಿತಿಯಲ್ಲಿ, ಅರ್ಹ ದುಭಾಷಿ ತಕ್ಷಣ ಸಿಗದಿದ್ದಾಗ ಮಾತ್ರ. ಕಾನೂನನ್ನು ಬದಿಗಿಟ್ಟು ನೋಡಿದರೂ, ಎಚ್‌ಪಿವಿ ಅಥವಾ ಹೆಪಟೈಟಿಸ್ ಬಿ ಹೇಗೆ ಹರಡುತ್ತದೆಂದು 14ರ ಹುಡುಗಿ ಅಮ್ಮನಿಗೆ ವಿವರಿಸುವ ಸ್ಥಿತಿ ಯಾರಿಗೂ ಬರಬಾರದು. ಅವಳು ಅರ್ಧ ನುಂಗುತ್ತಾಳೆ. ಅಮ್ಮ ಕೇಳಬೇಕಾದ್ದನ್ನು ಮಗಳ ಎದುರು ಕೇಳುವುದಿಲ್ಲ.

ಫೋನ್ ದುಭಾಷಿ ಸಾಕು, ಬಳಸುವ ರೀತಿ ಗೊತ್ತಿದ್ದರೆ. ಮೊದಲ ಅರ್ಧ ನಿಮಿಷದಲ್ಲಿ ದುಭಾಷಿಗೆ ವಿಷಯ ತಿಳಿಸಿ: ಇಂಥ ಲಸಿಕೆ, ಇಷ್ಟು ತಿಂಗಳ ಮಗು, ತಾಯಿ ಬ್ರೆಜಿಲ್‌ನವರು. ಸ್ಪೀಕರ್ ಹಾಕಿ ಫೋನನ್ನು ಇಬ್ಬರ ನಡುವೆ ಇಡಿ. ನೋಟ ತಾಯಿಯ ಮೇಲಿರಲಿ, ಮಾತು ಅವರೊಡನೆಯೇ ಇರಲಿ. ‘ಅವರನ್ನು ಕೇಳಿ’ ಎಂದು ದುಭಾಷಿಗೆ ಹೇಳಬೇಡಿ. ಒಂದು ಸಲಕ್ಕೆ ಒಂದು ವಾಕ್ಯ. ಕೊನೆಗೆ ‘ಅರ್ಥವಾಯಿತೇ?’ ಎಂದು ಕೇಳಿದರೆ ‘ಸಿಂ, ಸಿಂ’ ಎಂಬ ಹೂಂಗುಟ್ಟುವಿಕೆ ಬಿಟ್ಟು ಬೇರೇನೂ ಸಿಗದು. ‘ಇವತ್ತು ರಾತ್ರಿ ಜ್ವರ ಬಂದರೆ ಏನು ಮಾಡುತ್ತೀರಿ, ನನಗೆ ಹೇಳಿ’ ಎಂದು ಕೇಳಿ.

ಪ್ರಶ್ನೆ: ಲಸಿಕೆಯ ನಂತರದ ಜ್ವರಕ್ಕೆ ನಾವು ಹೇಳುವ ಔಷಧಿಯ ಬಗ್ಗೆ ಬ್ರೆಜಿಲ್‌ನ ಪೋಷಕರಲ್ಲಿ ಗೊಂದಲ ಕಾಣುತ್ತದೆ. ಯಾಕೆ? (ಫಾರ್ಮಸಿಸ್ಟ್, ಮಸಾಚುಸೆಟ್ಸ್)

ಉತ್ತರ: ನಮ್ಮ ದೃಷ್ಟಿಯಲ್ಲಿ ಇಡೀ ಮಾತುಕತೆಯಲ್ಲಿ ಅತಿ ಹೆಚ್ಚು ಅಪಾಯ ಇರುವ ಜಾಗ ಇದು. ಅನುವಾದಿತ ಹಾಳೆ ಇದನ್ನು ಪರಿಹರಿಸುವುದಿಲ್ಲ.

ಅಮೆರಿಕದ ‘ಅಸಿಟಮಿನೊಫೆನ್’, ಬ್ರೆಜಿಲ್ ಮತ್ತು ಪೋರ್ಚುಗಲ್‌ನ ‘ಪರಾಸಿಟಮಾಲ್’ ಒಂದೇ ಔಷಧಿ. ಭಾರತದಿಂದ ಬಂದ ನಮಗೂ ಎರಡನೆಯ ಹೆಸರೇ ಗೊತ್ತು. ಎರಡು ಬೇರೆ ಎಂದುಕೊಂಡ ತಾಯಿ, ಕ್ಲಿನಿಕ್ ಹೇಳಿದ್ದು ಒಂದು, ಮನೆಯಲ್ಲಿರುವುದು ಇನ್ನೊಂದು ಎಂದು ಎರಡನ್ನೂ ಕೊಟ್ಟರೆ ಡೋಸು ದುಪ್ಪಟ್ಟಾಯಿತು.

ಅದಕ್ಕಿಂತ ದೊಡ್ಡದು ಸಾಂದ್ರತೆ. ಅಮೆರಿಕದ ಮಕ್ಕಳ ಸಿರಪ್‌ನಲ್ಲಿ 5 ಎಂಎಲ್‌ಗೆ 160 ಮಿಲಿಗ್ರಾಂ, ಅಂದರೆ 1 ಎಂಎಲ್‌ಗೆ 32. ಬ್ರೆಜಿಲ್‌ನ ಪರಾಸಿಟಮಾಲ್ ಹನಿಗಳಲ್ಲಿ 1 ಎಂಎಲ್‌ಗೆ 200. ಆರು ಪಟ್ಟಿಗೂ ಹೆಚ್ಚು. ನೀವು ‘2.5 ಎಂಎಲ್’ ಎಂದು ಮಾತ್ರ ಬರೆದುಕೊಟ್ಟಿರಿ, ಊರಿನಿಂದ ತಂದ ಬಾಟಲಿಯಿಂದ ಅಷ್ಟನ್ನು ಎಳೆದರು ಎಂದುಕೊಳ್ಳಿ. 6 ಕೆಜಿ ಮಗುವಿಗೆ 80 ಮಿಲಿಗ್ರಾಂ ಹೋಗಬೇಕಾದಲ್ಲಿ 500 ಹೋಯಿತು. ಹೀಗೇ ಮತ್ತೆ ಮತ್ತೆ ಕೊಟ್ಟರೆ ಯಕೃತ್ತಿಗೆ ಹಾನಿಯಾಗುವ ಭಯವಿದೆ. ಆದ್ದರಿಂದ ಎಂಎಲ್ ಜೊತೆ ಮಿಲಿಗ್ರಾಂ ಬರೆಯಿರಿ, ಬಾಟಲಿಯ ಸಾಂದ್ರತೆ ಬರೆಯಿರಿ, ಮನೆಯಲ್ಲಿರುವ ಬಾಟಲಿಯ ಫೋಟೊ ತೋರಿಸಲು ಹೇಳಿ. ಊರಿನ ಬಾಟಲಿ ಇದ್ದರೆ ಅದನ್ನು ಬಳಸದಿರಲು ಹೇಳುವುದೇ ಸುರಕ್ಷಿತ.

ಪೋರ್ಚುಗೀಸ್‌ನಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ: 2,5. ಹಾಳೆಯನ್ನು ಝೆರಾಕ್ಸ್ ಮೇಲೆ ಝೆರಾಕ್ಸ್ ಮಾಡಿದಾಗ ಆ ಅಲ್ಪವಿರಾಮ ಮಾಸಿ 25 ಆಗಿಬಿಡಬಹುದು. ಮೂಲ ಪಿಡಿಎಫ್‌ನಿಂದಲೇ ಪ್ರತಿ ಸಲ ಮುದ್ರಿಸಿ. ಸಿರಿಂಜಿನ ಮೇಲೆ ಆ ಗೆರೆಯನ್ನು ಮಾರ್ಕರ್‌ನಿಂದ ಗುರುತು ಮಾಡಿಕೊಟ್ಟರೆ ಭಾಷೆಯ ಗೊಡವೆಯೇ ಇಲ್ಲ.

ಬ್ರೆಜಿಲ್‌ನ ಮನೆಗಳಲ್ಲಿ ಜ್ವರಕ್ಕೆ ‘ದಿಪಿರೋನಾ’ ತುಂಬ ಸಾಮಾನ್ಯ. ಅಮೆರಿಕದಲ್ಲಿ ಅದಕ್ಕೆ ಅನುಮತಿ ಇಲ್ಲ. ಅಪರೂಪಕ್ಕೆ ಬಿಳಿರಕ್ತಕಣಗಳನ್ನು ಅಪಾಯಕಾರಿಯಾಗಿ ಇಳಿಸುತ್ತದೆ. ‘ಬೇರೆ ಏನಾದರೂ ಔಷಧಿ?’ ಎಂದು ಕೇಳಿದರೆ ಅದರ ಹೆಸರು ಬಾರದಿರಬಹುದು, ಹೆಸರು ಹಿಡಿದೇ ಕೇಳಿ. ಆಸ್ಪಿರಿನ್ ಕೂಡ ಹಾಗೆಯೇ. ಬ್ರೆಜಿಲ್‌ನಲ್ಲಿ ‘ಎಎಎಸ್’ ಎಂಬ ಹೆಸರಿನಲ್ಲಿ ಮಕ್ಕಳ ಮಾತ್ರೆಯಾಗಿ ಸಿಗುತ್ತದೆ. ಚಿಕನ್‌ಪಾಕ್ಸ್ ಲಸಿಕೆಯ ನಂತರ 6 ವಾರ ಅದು ಬೇಡ.

ಇನ್ನು ಜ್ವರದ ಅಳತೆ. 100.4 ಎಂದರೆ ಅವರಿಗೆ ನೀರು ಕುದಿಯುವ ಉಷ್ಣತೆ. 38 ಡಿಗ್ರಿ ಸೆಲ್ಸಿಯಸ್ ಎಂದು ಬರೆಯಿರಿ. 12 ವಾರಕ್ಕಿಂತ ಚಿಕ್ಕ ಮಗುವಿಗೆ ಅಷ್ಟು ಜ್ವರ ಬಂದರೆ ಔಷಧಿ ಕೊಡುವ ಮೊದಲು ಕ್ಲಿನಿಕ್‌ಗೆ ಫೋನ್ ಮಾಡಬೇಕು. ಎರಡನೇ ತಿಂಗಳ ಲಸಿಕೆ ಬರುವುದು ಸರಿಯಾಗಿ ಆ ವಯಸ್ಸಿನಲ್ಲೇ.

ಪ್ರಶ್ನೆ: ಬ್ರೆಜಿಲ್‌ನ ಲಸಿಕೆ ಕಾರ್ಡ್ ನೋಡಿ ರಾಜ್ಯದ ಲಸಿಕೆ ರಿಜಿಸ್ಟ್ರಿಗೆ ಏರಿಸುವಾಗ ಏನು ಗಮನಿಸಬೇಕು? (ಶಾಲಾ ನರ್ಸ್, ನ್ಯೂಜೆರ್ಸಿ)

ಉತ್ತರ: ದಿನಾಂಕ ಮೊದಲು. 03/07/2023 ಎಂದಿದ್ದರೆ ಜುಲೈ 3.

ನಂತರ ‘ಪೆಂಟಾವಲೆಂಟಿ’. ಬ್ರೆಜಿಲ್‌ನ ಪೆಂಟಾದಲ್ಲಿ ಇರುವುದು ಗಂಟಲಮಾರಿ, ಧನುರ್ವಾಯು, ನಾಯಿಕೆಮ್ಮು, ಹೆಪಟೈಟಿಸ್ ಬಿ, ಹಿಬ್ (ಮಕ್ಕಳಲ್ಲಿ ಮಿದುಳುಪೊರೆಯ ಉರಿಯೂತ ತರುವ ಬ್ಯಾಕ್ಟೀರಿಯ). ಪೋಲಿಯೊ ಇಲ್ಲ. ಅಮೆರಿಕದ ಪೆಂಟಾಸೆಲ್‌ನಲ್ಲಿ ಪೋಲಿಯೊ ಉಂಟು, ಹೆಪಟೈಟಿಸ್ ಬಿ ಇಲ್ಲ. ಹೆಸರು ಹೋಲುತ್ತದೆಂದು ಪೆಂಟಾಸೆಲ್ ಎಂದೇ ಏರಿಸಿದರೆ ಹಾಕದ ಪೋಲಿಯೊ ಡೋಸು ದಾಖಲಾಗುತ್ತದೆ, ಹಾಕಿದ ಹೆಪಟೈಟಿಸ್ ಬಿ ಕಳೆದುಹೋಗುತ್ತದೆ. ‘ತೆತ್ರಾ ವಿರಾಲ್’ ಎಂದರೆ ಎಂಎಂಆರ್‌ಗೆ ಚಿಕನ್‌ಪಾಕ್ಸ್ ಸೇರಿದ್ದು. ಹಳೆಯ ಕಾರ್ಡುಗಳ ‘ತೆತ್ರಾವಲೆಂಟಿ’ ಬೇರೆಯೇ, ಅದು ಡಿಪಿಟಿ ಮತ್ತು ಹಿಬ್.

‘ವಿಐಪಿ’ ಎಂದರೆ ಚುಚ್ಚುವ ಪೋಲಿಯೊ, ‘ವಿಒಪಿ’ ಎಂದರೆ ಬಾಯಿಗೆ ಹಾಕುವ ಹನಿ. 2016ರ ಏಪ್ರಿಲ್ 1ರಿಂದ ಈಚೆಗೆ ಹಾಕಿದ ಹನಿಯನ್ನು ಅಮೆರಿಕದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದರಲ್ಲಿ ಎರಡನೇ ಮಾದರಿಯ ವೈರಸ್ ಇರಲಿಲ್ಲವಾದ್ದರಿಂದ. ಇದನ್ನು ಪೋಷಕರಿಗೆ ಹೇಳುವಾಗ ಮೃದುವಾಗಿರಿ. 1986ರಿಂದ ‘ಝೆ ಗೊಚೀಂಯಾ’ ಎಂಬ ಹನಿಯಾಕಾರದ ಗೊಂಬೆ ಬ್ರೆಜಿಲ್‌ನ ಲಸಿಕೆ ಅಭಿಯಾನದ ಮುಖ. 2024ರಲ್ಲಿ ಚುಚ್ಚುಮದ್ದು ಅದರ ಜಾಗಕ್ಕೆ ಬರುವವರೆಗೂ ಹನಿ ಹಾಕಿಸುವುದು ಅಲ್ಲಿ ಹೆಮ್ಮೆಯ ಸಂಗತಿಯಾಗಿತ್ತು. ‘ನಿಮ್ಮ ಹನಿ ಲೆಕ್ಕಕ್ಕಿಲ್ಲ’ ಎಂದರೆ ಊರಿಗೇ ಅವಮಾನ ಮಾಡಿದಂತೆ ಕೇಳಿಸುತ್ತದೆ. ಹನಿ ಒಳ್ಳೆಯದೇ ಮಾಡಿತು, ಇಲ್ಲಿನ ನಿಯಮಕ್ಕೆ ಚುಚ್ಚುಮದ್ದೂ ಬೇಕು ಎನ್ನಿ.

ದಡಾರ ಹರಡಿದಾಗ ಬ್ರೆಜಿಲ್‌ನಲ್ಲಿ 6ರಿಂದ 11 ತಿಂಗಳ ಕೂಸಿಗೆ ‘ಡೋಸಿ ಝೆರು’, ಅಂದರೆ ಸೊನ್ನೆಯ ಡೋಸು ಹಾಕಿರುತ್ತಾರೆ. ಒಂದು ವರ್ಷಕ್ಕೆ ಮೊದಲಿನ ಡೋಸು ಇಲ್ಲಿ ಬೇಕಾದ ಎರಡು ಡೋಸುಗಳ ಲೆಕ್ಕಕ್ಕೆ ಸೇರುವುದಿಲ್ಲ. ಮೆನಿಂಗೊಕಾಕಲ್ ಲಸಿಕೆಗಳಲ್ಲಿ ಒಂದೇ ಮಾದರಿಯ ‘ಮೆನಿಂಗೊಕೊಸಿಕಾ ಸಿ’ ಇದ್ದರೂ ನಾಲ್ಕು ಮಾದರಿಯ ಎಸಿಡಬ್ಲ್ಯುವೈ ಲಸಿಕೆ ಆಗಿದೆ ಎಂದು ಬರೆಯಬಾರದು.

ಪ್ರಶ್ನೆ: ಅಸೋರ್ಸ್‌ನ ಹಿರಿಯರೊಬ್ಬರಿಗೆ ಹಾಳೆ ಕೊಟ್ಟರೆ ‘ಕನ್ನಡಕ ಮರೆತಿದ್ದೇನೆ’ ಎನ್ನುತ್ತಾರೆ, ಪ್ರತಿ ಸಲವೂ. (ಫಾರ್ಮಸಿ ಟೆಕ್ನಿಷಿಯನ್, ಫಾಲ್ ರಿವರ್, ಮಸಾಚುಸೆಟ್ಸ್)

ಉತ್ತರ: ಅವರಿಗೆ ಓದು ಬಾರದಿರಬಹುದು, ಅದನ್ನು ಬಾಯಿಬಿಟ್ಟು ಹೇಳಿಸಬೇಡಿ. ‘ಎಲ್ಲರಿಗೂ ನಾವೇ ಓದಿ ಹೇಳುತ್ತೇವೆ’ ಎಂದು ದುಭಾಷಿಯನ್ನು ಕರೆಸಿ. ‘ಒ ಸೆನ್ಯೋರ್’ ಎಂಬ ಗೌರವದ ಸಂಬೋಧನೆಯಲ್ಲಿ ಮಾತಾಡಲು ದುಭಾಷಿಗೆ ಹೇಳಿ. ಯಾವ ರೋಗ ತಡೆಯುತ್ತದೆ, ನಾಳೆ ತೋಳು ಎಷ್ಟು ನೋಯಬಹುದು, ಮುಖ ಊದಿದರೆ ಅಥವಾ ಉಸಿರು ಕಟ್ಟಿದರೆ 911ಕ್ಕೆ ತುರ್ತು ಕರೆ: ಈ ಮೂರನ್ನು ಮೊದಲು ಹೇಳಿಸಿ, ಉಳಿದದ್ದು ಅನಂತರ. ಹಾಳೆಯನ್ನು ಕೈಗೆ ಕೊಟ್ಟೇ ಕಳಿಸಿ, ಮನೆಯಲ್ಲಿ ಓದುವವರು ಇರುತ್ತಾರೆ. ದುಭಾಷಿಯ ಗುರುತಿನ ಸಂಖ್ಯೆಯನ್ನು ಹಾಳೆಯ ಆವೃತ್ತಿ ದಿನಾಂಕದ ಪಕ್ಕದಲ್ಲೇ ಬರೆದಿಡಿ.